ಒಣ ರಸ್ತೆಯ ಟೈರು

"ಗಾಡಿ ಓಡಿಸ್ತಿದ್ದೋರು ಯಾರು?" ಎಂದು ನರ್ಸು ಕೇಳಿದಳು. ಮಂಚದ ಪಕ್ಕ ನಿಂತಿದ್ದ ಹುಡುಗಿ ತರಗತಿಯಲ್ಲಿ ಹಾಜರಿ ಹೇಳುವವಳಂತೆ ಮೆಲ್ಲಗೆ ಕೈ ಎತ್ತಿದಳು.

ಅಷ್ಟು ಹೊತ್ತಿಗೆ ಬಾಗಿಲಿಗೆ ಬಂದಿದ್ದ ಅವಳ ಅಪ್ಪ ಆ ಎತ್ತಿದ ಕೈಯನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ. ಫೋನು ಬಂದಾಗ ಅವನು ಯಾವುದೋ ಎತ್ತರದ ಕಟ್ಟಡದ ನೆತ್ತಿಯ ಮೇಲೆ ಲಿಫ್ಟಿನ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿ ಬಂದಿದ್ದ. ಮಂಚದ ಮೇಲೆ ಅವನ ತಾಯಿ ಒಂದು ಕೈಯನ್ನು ಎದೆಗೆ ಕಟ್ಟಿಸಿಕೊಂಡು ನೆಟ್ಟಗೆ ಕೂತಿದ್ದಳು. ಹೆಗಲ ಮೂಳೆ ಮುರಿದಿತ್ತು. ಹಣೆಯ ಒಂದು ಮಗ್ಗುಲು ಊದಿ ನೀಲಿಯಾಗಿತ್ತು.

"ಬಂದೆಯಾ? ಸತ್ತಿಲ್ಲ, ಗಾಬರಿಯಾಗ್ಬೇಡ," ಎಂದಳು ಮುದುಕಿ. "ಕಣ್ಣಿನ ಡಾಕ್ಟರ ಹತ್ರ ಹೊರಟೋಳು ಮೂಳೆ ಡಾಕ್ಟರ ಕೈಗೆ ಬಿದ್ದೆ, ಅಷ್ಟೇ."

ಯಾರೂ ನಗಲಿಲ್ಲ. ಮಗಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದೇ ದೊಡ್ಡ ಅಪರಾಧವೆಂಬಂತೆ ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಸರ್ಕಲ್ಲಿನಲ್ಲಿ ತಿರುಗಿಸಿಕೊಂಡು ಹೊರಬರುವಾಗ ಗಾಡಿಯ ಹಿಂಭಾಗ ಜಾರಿತಂತೆ, ಗಿರ್ರನೆ ತಿರುಗಿ ನಡುವಿನ ಕಬ್ಬಿಣದ ಕಂಬಿಗೆ ಅಜ್ಜಿ ಕೂತ ಕಡೆಯಿಂದ ಬಡಿಯಿತಂತೆ. ಪೊಲೀಸಿನವನು ಬಂದು ಅವಳ ಲೈಸೆನ್ಸಿನ ತಾರೀಖು ನೋಡಿ, ಗಾಡಿಯ ಎಂಜಿನ್ನು ನೋಡಿ, ಮಳೆ ನೋಡಿ, ಎಲ್ಲ ತಿಳಿದವನಂತೆ ತಲೆಯಾಡಿಸಿ ಹೋಗಿದ್ದ.

"ನಾನು ಆಕ್ಸಿಲರೇಟರು ಜೋರಾಗಿ ಒತ್ತಿದೆ ಅನ್ಸುತ್ತೆ ಅಪ್ಪ," ಎಂದಳು. "ಒತ್ತಿದ ಹಾಗೆ ನೆನಪಿಲ್ಲ. ಆದ್ರೆ ಒತ್ತಿರ್ಬೇಕು."

ಅಪ್ಪ ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವನ ಹೆಂಡತಿ ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ನೇರ ಓಡಿಬಂದಳು. ಅತ್ತೆಯ ಹಣೆ ಮುಟ್ಟಿ, ನರ್ಸಿನ ಕೈಯಿಂದ ಚೀಟಿ ಕಿತ್ತುಕೊಂಡು ಮಾತ್ರೆಯ ಹೆಸರು ಓದಿ, ಆಮೇಲೆ ಮಗಳ ಕಡೆ ತಿರುಗಿದಳು.

"ಆ ಲಾಯದಿಂದ ಕುದುರೆ ಬಿಚ್ಕೊಂಡು ಹೋಗು ಅಂತ ನಿನಗೆ ಯಾರು ಹೇಳಿದ್ರು?"

"ನಾನೇ ಕೀ ಕೊಟ್ಟೆ," ಎಂದ ಅವನು.

"ನೀವು ಕೊಟ್ರಿ. ನಿಮಗಂತೂ ಇಲ್ಲ, ಇವಳಿಗಾದ್ರೂ ಬುದ್ಧಿ ಬೇಡ್ವಾ? ಲೈಸೆನ್ಸಿನ ಇಂಕು ಆರಿಲ್ಲ. ಪಕ್ಕದಲ್ಲಿ ವಯಸ್ಸಾದೋರನ್ನ ಕೂರಿಸ್ಕೊಂಡು ನಿಧಾನಕ್ಕೆ ಹೋಗ್ಬೇಕು ಅನ್ನೋ ಜ್ಞಾನ ಬೇಡ್ವಾ?"

"ನಿಧಾನಕ್ಕೇ ಹೋಗ್ತಿದ್ಲು ಕಣೇ," ಎಂದಳು ಮುದುಕಿ.

"ನೀವು ಸುಮ್ನಿರಿ ಅತ್ತೆ. ಮೊಮ್ಮಗಳು ಅಂತ ಮುಚ್ಚಿಡ್ಬೇಡಿ."

ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಯಾರಾದರೂ ಒಂದು ಕ್ಷಣ ಅವನ ಮುಖ ನೋಡಿದ್ದರೂ ಹೊರಬೀಳುತ್ತಿತ್ತೋ ಏನೋ. ಯಾರೂ ನೋಡಲಿಲ್ಲ. ಎಕ್ಸ್‌ರೇ ಹಾಳೆ ತರುತ್ತೇನೆಂದು ಹೇಳಿ ಅವನು ಸರಸರನೆ ಹೊರಟುಹೋದ. ಎಕ್ಸ್‌ರೇ ಹಾಳೆ ಆಗಲೇ ಮಂಚದ ಮೇಲಿತ್ತು.

ಅವನು ಒಂದೆಡೆ ಕೂರುವ ಜಾತಿಯವನೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ತಾಯಿ ಮೊದಲಿನಿಂದ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ಕಿಟಕಿಯ ಕೊಂಡಿ ಸರಿ ಮಾಡುವವನು. ದಿನವಿಡೀ ಬೇರೆಯವರನ್ನು ಮೇಲೆ ಕೆಳಗೆ ಕಳಿಸುವ ಯಂತ್ರಗಳ ನಡುವೆ ಇದ್ದೂ ತನಗೆ ಮುಂದಕ್ಕೆ ಹೋಗುವ ಯೋಗವಿಲ್ಲ ಎಂದು ಗೊಣಗುತ್ತಿದ್ದ. ಆ ಗೊಣಗಾಟದಿಂದ ಹುಟ್ಟಿದ್ದೇ ಈ ಗಾಡಿ. ಎರಡೇ ಬಾಗಿಲಿನ ಹಳೆಯ ಕಾರು. ಯಾರದೋ ಶೆಡ್ಡಿನಲ್ಲಿ ಇಲಿಗಳಿಗೆ ಮನೆಯಾಗಿದ್ದುದನ್ನು ಎಳೆದು ತಂದು ವರ್ಷಗಟ್ಟಲೆ ಅದರ ಹೊಟ್ಟೆ ಬಗೆದು ತುಂಬಿಸಿದ್ದ. ಹೊಸ ಪಿಸ್ಟನ್ನು, ಎಂಜಿನ್ನಿಗೆ ಗಾಳಿ ತುಂಬುವ ದೊಡ್ಡ ಟರ್ಬೊ, ಹೆಬ್ಬೆರಳು ಗಾತ್ರದ ಪೆಟ್ರೋಲು ಕೊಳವೆ. ಕೊನೆಗೆ ಆರುನೂರು ಕುದುರೆಗಳ ಶಕ್ತಿ ಬಂತು ಎಂದು ಅವನು ಮನೆಯಲ್ಲಿ ಕುಣಿದಾಡಿದಾಗ, "ಇಷ್ಟು ಕುದುರೆ ಇದ್ದೂ ಹಾಲು ತರೋಕೆ ನಾನೇ ನಡ್ಕೊಂಡು ಹೋಗ್ಬೇಕಲ್ಲ," ಎಂದಿದ್ದಳು ಹೆಂಡತಿ. ಅಂದಿನಿಂದ ಗಾಡಿ ನಿಲ್ಲುವ ಜಾಗಕ್ಕೆ ಲಾಯ ಎಂದೇ ಹೆಸರಾಯಿತು.

ಊರಾಚೆ ವಿಮಾನಗಳು ಬಿಟ್ಟುಹೋದ ಒಂದು ಹಳೆಯ ರನ್‌ವೇ ಇತ್ತು. ರಜೆಯ ದಿನ ಇವನಂಥ ಹುಚ್ಚರೆಲ್ಲ ಅಲ್ಲಿ ಸೇರಿ, ಇಬ್ಬಿಬ್ಬರಾಗಿ ನಿಂತು, ನೇರ ಗೆರೆಯಲ್ಲಿ ಯಾರು ಮೊದಲು ಆ ತುದಿ ಮುಟ್ಟುತ್ತಾರೆಂದು ನೋಡುತ್ತಿದ್ದರು. ಇವನ ಗಾಡಿಗೆ ಶಕ್ತಿಯೇನೋ ಬಂದಿತ್ತು, ನೆಲ ಹಿಡಿಯುವ ಕಾಲಿರಲಿಲ್ಲ. ಆಕ್ಸಿಲರೇಟರು ಮುಟ್ಟಿದರೆ ಸಾಕು, ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತಿ ಹೊಗೆ ಕಕ್ಕುತ್ತಿದ್ದವು. ಆಗ ಟೈರಿನಂಗಡಿಯ ಗೆಳೆಯ ಅವನಿಗೆ ಹಿಂದಿನ ಚಕ್ರಗಳಿಗೆಂದು ಡ್ರ್ಯಾಗ್ ರೇಡಿಯಲ್ ಎಂಬ ರೇಸಿನ ಟೈರು ತಂದುಕೊಟ್ಟ. ಈ ಗೆಳೆಯನನ್ನು ಎಲ್ಲರೂ ಬೋಲ್ಟು ಎಂದೇ ಕರೆಯುತ್ತಿದ್ದರು. ಕುಳ್ಳ, ಗಟ್ಟಿ ಆಳು, ಒಮ್ಮೆ ಬಿಗಿದರೆ ಸಡಿಲವಾಗದ ಮಾತು.

"ಇದು ಮೆದು ರಬ್ಬರು," ಎಂದಿದ್ದ ಬೋಲ್ಟು. "ಬಿಸಿ ಏರಿದ್ರೆ ಮಿಠಾಯಿ ಥರ ನೆಲಕ್ಕೆ ಅಂಟುತ್ತೆ. ಚಳಿಯಲ್ಲಿ ಕಲ್ಲು. ನೀರಲ್ಲಿ ಸೋಪು. ಇದರ ಮೈಮೇಲಿರೋ ಗೀರು ನಾಮಕಾವಸ್ತೆಗೆ ಮಾತ್ರ, ನೀರು ಹೊರಗೆ ಹೋಗೋಕೆ ದಾರಿಯೇ ಇಲ್ಲ. ರಜಾ ದಿನ ಹಾಕು, ಆಟ ಆಡು, ಸಂಜೆ ಬಿಚ್ಚಿ ಮಾಮೂಲಿ ಚಕ್ರ ಹಾಕು. ಗೊತ್ತಾಯ್ತಾ?"

ಗೊತ್ತಾಗದೆ ಏನು. ಮೊದಮೊದಲು ಹಾಗೆಯೇ ಮಾಡಿದ. ಆದರೆ ಆ ಟೈರು ಹಾಕಿ ಮೊದಲ ಸಲ ಆಕ್ಸಿಲರೇಟರು ಒತ್ತಿದಾಗ ಬೆನ್ನು ಸೀಟಿಗೆ ಅಪ್ಪಳಿಸಿ, ಹೊಟ್ಟೆಯೊಳಗಿನದೆಲ್ಲ ಹಿಂದೆಯೇ ಉಳಿದು, ಗಾಡಿ ಬಾಣದ ಹಾಗೆ ಹೊರಟಿತ್ತಲ್ಲ, ಆ ಸುಖ ಅವನ ತಲೆಗೇರಿತ್ತು. ಸೋಮವಾರ ಬೆಳಿಗ್ಗೆ ಮಾಮೂಲಿ ಟೈರಿನಲ್ಲಿ ಕೆಲಸಕ್ಕೆ ಹೋಗುವಾಗ ಗಾಡಿ ಸತ್ತಂತೆ ಅನಿಸುತ್ತಿತ್ತು. ಜ್ಯಾಕು ಹಾಕುವುದು, ಬಿಚ್ಚುವುದು, ಬಿಗಿಯುವುದು, ಇದಕ್ಕೆಲ್ಲ ತಾಳ್ಮೆ ಎಲ್ಲಿಂದ ತರಬೇಕು? ಒಂದು ವಾರ ಬಿಚ್ಚಲಿಲ್ಲ. ಏನೂ ಆಗಲಿಲ್ಲ. ಆಮೇಲೆ ಬಿಚ್ಚುವ ಮಾತೇ ಹೋಯಿತು. ಮಾಮೂಲಿ ಚಕ್ರಗಳು ಲಾಯದ ಮೂಲೆಯಲ್ಲಿ ಧೂಳು ಹಿಡಿದು ಕೂತವು. ಕೆಲಸಕ್ಕೆ, ಸಂತೆಗೆ, ತಾಯಿಯ ಮಾತ್ರೆ ತರಲು, ಎಲ್ಲಕ್ಕೂ ಅದೇ ಟೈರು. ದಾರಿಯ ಸಣ್ಣ ಕಲ್ಲುಗಳೆಲ್ಲ ಅದಕ್ಕೆ ಅಂಟಿ ಟಪಟಪ ಸದ್ದು ಮಾಡುತ್ತಿದ್ದವು. ಬೋಲ್ಟು ಕಂಡಾಗಲೆಲ್ಲ ಬೈಯುತ್ತಿದ್ದ.

"ರಸ್ತೆ ಮೇಲೆ ಓಡಿಸ್ಬಹುದು ಅಂತ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿದಾರೆ," ಎನ್ನುತ್ತಿದ್ದ ಇವನು.

"ಓಡಿಸ್ಬಹುದು. ಒಣ ರಸ್ತೆ ಮೇಲೆ."

"ಇಷ್ಟು ದಿನ ಏನೂ ಆಗಿಲ್ವಲ್ಲ."

ಮಳೆ ಬಂದ ದಿನ ಅವನು ತುದಿಗಾಲಲ್ಲಿ ನಡೆದಂತೆ ಗಾಡಿ ಓಡಿಸುತ್ತಿದ್ದ. ಹಿಂಭಾಗ ಒಂದೆರಡು ಸಲ ಜಾರಿದ್ದೂ ಉಂಟು. ಸ್ಟೀರಿಂಗು ತಿರುವಿ ಹಿಡಿದಿದ್ದ. ಮನೆಯಲ್ಲಿ ಹೇಳಿರಲಿಲ್ಲ.

ಆ ಬೆಳಿಗ್ಗೆ ಹೆಂಡತಿ ತನ್ನ ಸಣ್ಣ ಕಾರಿನಲ್ಲಿ ಬೇಗ ಹೊರಟುಹೋಗಿದ್ದಳು. ಅಜ್ಜಿಯನ್ನು ಕಣ್ಣು ತೋರಿಸಲು ಕರೆದೊಯ್ಯಬೇಕಿತ್ತು. ಮಗಳಿಗೆ ಆಗಷ್ಟೇ ಒಂದು ಕೆಲಸ ಸಿಕ್ಕಿತ್ತು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಕೈಕಾಲಿನ ವ್ಯಾಯಾಮ ಮಾಡಿಸುವ ಕೆಲಸ. ತಿಂಗಳ ಕೊನೆಯೊಳಗೆ ಊರೆಲ್ಲ ಗಾಡಿ ಓಡಿಸುವುದು ರೂಢಿಯಾಗಬೇಕು ಎಂದು ಕೆಲಸ ಕೊಟ್ಟವರು ಹೇಳಿದ್ದರು. ಹಾಗಾಗಿ ಅವನೇ ಕೀ ಎತ್ತಿ ಕೊಟ್ಟ. ಅಂದು ಅವನನ್ನು ಕರೆದೊಯ್ಯಲು ಬಂದ ಲಿಫ್ಟಿನ ಕಂಪನಿಯ ವ್ಯಾನು ಬೀದಿಯಲ್ಲಿ ಹಾರ್ನು ಬಾರಿಸುತ್ತಿತ್ತು.

"ಹೊರಗೆ ಹನಿ ಬೀಳ್ತಿದೆ. ಟೈರೆಲ್ಲ ಸರಿ ಇದೆಯಾ ಅಪ್ಪ?" ಎಂದು ಮಗಳು ಕೇಳಿದಳು.

ಅವನ ಕಣ್ಣು ಮೂಲೆಯ ಚಕ್ರಗಳ ಕಡೆ ಹೋಯಿತು. ಬದಲಾಯಿಸಲು ಅರ್ಧ ಗಂಟೆ ಬೇಕು. ವ್ಯಾನು ಮತ್ತೆ ಹಾರ್ನು ಹೊಡೆಯಿತು.

"ಸರಿ ಇದೆ, ಹೋಗು," ಎಂದ. "ಅಂಟು ಹಾಕಿದ ಹಾಗೆ ಹಿಡಿಯುತ್ತೆ."

ತಾಯಿಯನ್ನು ಮನೆಗೆ ಕರೆತಂದ ಮೇಲೆ ಮನೆಯ ಗಾಳಿಯೇ ಬದಲಾಯಿತು. ಹೆಂಡತಿ ಮಗಳೊಡನೆ ಮಾತು ಬಿಟ್ಟಳೆಂದಲ್ಲ, ಮಾತಾಡಿದ್ದೆಲ್ಲ ಚುಚ್ಚುವಂತಿರುತ್ತಿತ್ತು. "ನಿಧಾನ, ಕಾಫಿ ಲೋಟ ಅದು, ಕಾರಲ್ಲ," ಎನ್ನುವಳು. ಮಗಳು ತಿರುಗಿ ಒಂದು ಮಾತಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಅವಳು ತಲೆ ತಗ್ಗಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಇಡುತ್ತಿದ್ದಳು. ಬೆಳಿಗ್ಗೆ ಯಾರೂ ಏಳುವ ಮೊದಲೇ ಎದ್ದು ಅಜ್ಜಿಯ ತಲೆ ಬಾಚಿ, ಸೆರಗು ಸರಿಮಾಡಿ, ತುತ್ತು ತಿನ್ನಿಸಿ, ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಎರಡು ಬಸ್ಸು ಬದಲಿಸಿ ಒಬ್ಬ ರೋಗಿಯ ಮನೆ ಮುಟ್ಟುವಷ್ಟರಲ್ಲಿ ಇನ್ನೊಬ್ಬರ ಸಮಯ ಮೀರಿರುತ್ತಿತ್ತು.

ಅಪ್ಪನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಕೂರುವುದಾದರೂ ಎಲ್ಲಿ? ಅಡುಗೆಮನೆಯ ನಲ್ಲಿ ಬಿಚ್ಚಿದ, ಸರಿಯಿದ್ದುದನ್ನೇ ಮತ್ತೆ ಜೋಡಿಸಿದ. ಕದದ ಕೀಲಿಗೆಲ್ಲ ಎಣ್ಣೆ ಬಿಟ್ಟ. ನಿಂತೇ ತಿಂದ. ಮಗಳು ಎದುರಾದರೆ "ಎಲ್ಲ ಮೊದಲು ಹೀಗೇ ಕಣೆ, ಆಗುತ್ತೆ," ಎಂದು ಬೆನ್ನು ತಟ್ಟಿದ. ತಟ್ಟಿದ ಕೈ ಅವನದೇ ಅಲ್ಲವೆಂಬಂತೆ ಭಾರವಾಯಿತು.

ತಾಯಿಯೊಬ್ಬಳು ಬಿಡಲಿಲ್ಲ. ಮದುವೆಗೆ ಮೊದಲು ಅವಳು ಟೆಲಿಫೋನ್ ಆಫೀಸಿನಲ್ಲಿ ಕೂತು ಊರಿನ ಕರೆಗಳಿಗೆಲ್ಲ ತಂತಿ ಕೂಡಿಸಿ ಕೊಟ್ಟವಳು. ಯಾರು ಯಾವಾಗ ಗಂಟಲು ಸರಿಮಾಡಿಕೊಂಡು ಸುಳ್ಳು ಹೇಳುತ್ತಾರೆಂದು ಅವಳ ಕಿವಿಗೆ ತಿಳಿಯುತ್ತಿತ್ತು.

"ಒಬ್ಬ ಸೈಕಲ್ಲಿನೋನು ನಮ್ಮನ್ನ ಹಿಂದೆ ಹಾಕಿ ಹೋದ, ಗೊತ್ತಾ ನಿನಗೆ?" ಎಂದಳು ಒಂದು ಮಧ್ಯಾಹ್ನ, ಮನೆಯಲ್ಲಿ ಇಬ್ಬರೇ ಇದ್ದಾಗ. "ಅಷ್ಟು ಮೆತ್ತಗೆ ಹೋಗ್ತಿದ್ದಳು ಹುಡುಗಿ. ನನಗೇ ಬೇಜಾರಾಗಿತ್ತು. ಗಾಡಿ ತಾನಾಗೇ ತಿರುಗಿತು ಕಣೋ. ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ."

"ರಸ್ತೆ ಒದ್ದೆ ಇತ್ತಲ್ಲಮ್ಮ."

"ಸೈಕಲ್ಲಿಗೂ ಅದೇ ರಸ್ತೆ."

ಅವನು ಗಂಟಲು ಸರಿಮಾಡಿಕೊಂಡ. ತಾಯಿ ಅವನನ್ನೇ ನೋಡುತ್ತಿದ್ದಳು. "ದಿಂಬು ಸ್ವಲ್ಪ ಮೇಲೆ ಮಾಡು," ಎಂದಳು ಕೊನೆಗೆ.

ಗಾಡಿಯ ಒಂದು ಬಾಗಿಲು ಒಳಗೆ ಹೋಗಿತ್ತು, ಓಡಲು ಅಡ್ಡಿಯಿರಲಿಲ್ಲ. ಅದನ್ನು ಬೋಲ್ಟುವಿನ ಅಂಗಡಿಗೆ ತಂದು ನಿಲ್ಲಿಸಿದಾಗ ಬೋಲ್ಟು ಬಾಗಿಲ ಕಡೆ ನೋಡಲೇ ಇಲ್ಲ. ಸೀದಾ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದ. ಬಾಣಲೆಯ ತಳದಷ್ಟು ನುಣುಪಾಗಿತ್ತು.

"ಇದರ ಮೇಲೆ ಮಗಳನ್ನ ಕಳಿಸಿದೆಯಾ?"

"ಹೂಂ."

"ಅವಳಿಗೆ ಹೇಳಿದೆಯಾ ಇದೇ ಕಾರಣ ಅಂತ?"

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ." ಇವನು ರೇಗಿಬಿದ್ದ. ಬೋಲ್ಟು ಎದ್ದು ಕೈ ತೊಳೆಯಲು ಹೋದ, ತೊಳೆದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಇವನು ಗಾಡಿ ಹತ್ತಿ ಮನೆಗೆ ತಂದು ಲಾಯಕ್ಕೆ ನೂಕಿ ಮೇಲೆ ಹೊದಿಕೆ ಎಳೆದ.

ಮರುವಾರ ಅಟ್ಟದ ಮೆಟ್ಟಿಲ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದಾಗ ಒಳಗಿನಿಂದ ಮಗಳ ದನಿ ಕೇಳಿಸಿತು. ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು. "ಇಲ್ಲ ಮೇಡಂ, ಗಾಡಿ ಇಲ್ಲ ಅಂತಲ್ಲ. ನನ್ನ ಕೈಲಿ ಆಗಲ್ಲ. ಸ್ಟೀರಿಂಗ್ ಹಿಡಿದ್ರೆ ಕೈ ನಡುಗುತ್ತೆ. ನನ್ನ ಜಾಗಕ್ಕೆ ಬೇರೆಯವರನ್ನ ತಗೊಳ್ಳಿ." ಆ ಕಡೆಯ ಮಾತು ಕೇಳಿಸಿಕೊಂಡು, "ನಮ್ಮಪ್ಪ ಚೆನ್ನಾಗೇ ಕಲಿಸಿದ್ರು ಮೇಡಂ. ತಪ್ಪು ನನ್ನದೇ," ಎಂದಳು.

ಅವನು ಬಲ್ಬು ತಿರುಗಿಸುತ್ತಲೇ ಇದ್ದ. ಅದು ಪೂರ್ತಿ ಬಿಗಿಯಾಗಿ ಇನ್ನು ಮುಂದೆ ಹೋಗದೆಂದು ಬೆರಳಿಗೆ ತಿಳಿಯಲು ತಡವಾಯಿತು.

ಮರುದಿನ ಬೆಳಗಿನಿಂದಲೇ ಮಳೆ. ಅವನನ್ನು ಒಂದು ದೊಡ್ಡ ಕಚೇರಿಯ ಕಟ್ಟಡಕ್ಕೆ ಕಳಿಸಿದ್ದರು. ಮೇಲಿನ ಯಂತ್ರದ ಕೋಣೆಯಲ್ಲಿ ಟಾರ್ಚು ಹಿಡಿದು ನೋಡಿದರೆ ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗದಲ್ಲಿ ಎಳೆಗಳು ಅಲ್ಲಲ್ಲಿ ಕಿತ್ತು ಮುಳ್ಳಿನಂತೆ ಎದ್ದಿದ್ದವು. ಚಿಂದಿ ಬಟ್ಟೆಯಿಂದ ಹಗ್ಗ ಸವರಿದರೆ ಬಟ್ಟೆ ಸಿಕ್ಕಿಕೊಂಡು ಹರಿಯಿತು. ಲಿಫ್ಟು ನಿಲ್ಲಿಸಿ ಕೆಳಗಿನ ಬಾಗಿಲಿಗೆ ಬೋರ್ಡು ತೂಗುಹಾಕಿದ. ಕಟ್ಟಡದ ಮ್ಯಾನೇಜರು ಮೆಟ್ಟಿಲಿಳಿದು ಏದುಸಿರು ಬಿಡುತ್ತ ಬಂದ.

"ಇದೇನು ಮಾಡಿದ್ರಿ? ನಾಳೆ ದೊಡ್ಡ ಮೀಟಿಂಗಿದೆ. ಇನ್ನೂ ಎಷ್ಟೊಂದು ಎಳೆ ಗಟ್ಟಿಯಾಗೇ ಇದೆಯಂತೆ. ಈ ವಾರ ಒಂದು ಕಳೀಲಿ."

"ಆಗಲ್ಲ ಸರ್."

"ಇಷ್ಟು ದಿನ ಏನೂ ಆಗಿಲ್ವಲ್ಲ ಮಾರಾಯ್ರೆ."

ಅವನು ಉತ್ತರಿಸಲು ಬಾಯಿ ತೆರೆದ. ಈ ಮಾತಿಗೆ ಅವನಲ್ಲಿ ಸಿದ್ಧ ಉತ್ತರವಿತ್ತು, ಈ ಕಸುಬಿನಲ್ಲಿ ದಿನಕ್ಕೊಬ್ಬರಿಗೆ ಹೇಳುವಂಥದು. ಅದು ಹೊರಡಲಿಲ್ಲ. ಮ್ಯಾನೇಜರು, ತನ್ನ ವಾದ ನಾಟಿತು ಎಂದುಕೊಂಡು, ಇನ್ನಷ್ಟು ಮೆತ್ತಗಾಗಿ, "ಏನಾದ್ರೂ ಆದ್ರೆ ನಮ್ಮ ಹೊಣೆ, ನಿಮ್ಮ ಹೆಸರು ಬರಲ್ಲ," ಎಂದ.

"ಬೋರ್ಡು ಮುಟ್ಬೇಡಿ," ಎಂದ ಅವನು. ದನಿ ತನಗೇ ಗುರುತು ಸಿಗದಷ್ಟು ಒರಟಾಗಿತ್ತು. ಹಗ್ಗ ಬದಲಿಸಲು ಆಫೀಸಿಗೆ ಫೋನು ಮಾಡಿ, ಉಪಕರಣದ ಚೀಲ ಹೆಗಲಿಗೇರಿಸಿ, ಮಳೆಯಲ್ಲೇ ಬಸ್ಸಿಗೆ ನಿಂತ.

ಮನೆಗೆ ಬಂದಾಗ ಮಗಳು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತ ಕೂತಿದ್ದಳು. ಅವನು ಒಳಗೆ ಹೋಗಲಿಲ್ಲ. ಲಾಯದ ಹೊದಿಕೆ ತೆಗೆದು ಮೂಲೆಯ ಮಾಮೂಲಿ ಚಕ್ರಗಳಲ್ಲಿ ಒಂದನ್ನು ಡಿಕ್ಕಿಗೆ, ಒಂದನ್ನು ಹಿಂದಿನ ಸೀಟಿಗೆ ತುರುಕಿದ. ಆಮೇಲೆ ಬಾಗಿಲಲ್ಲಿ ನಿಂತು, "ಬಾ," ಎಂದ.

"ಎಲ್ಲಿಗೆ?"

"ಬಾ ಅಂದ್ನಲ್ಲ."

"ಅಪ್ಪ, ನಾನು ಓಡಿಸಲ್ಲ. ಬಲವಂತ ಮಾಡ್ಬೇಡ."

"ನೀನು ಬೇಡ. ನಾನು ಓಡಿಸ್ತೀನಿ."

ಮಗಳು ಅಜ್ಜಿಯನ್ನು ನೋಡಿದಳು. "ಹೋಗು," ಎಂದಳು ಮುದುಕಿ. "ನನ್ನ ಬೆರಳು ಎಲ್ಲೂ ಓಡಿಹೋಗಲ್ಲ."

ತುಂಬಿದ ಕೊಡ ಹೊತ್ತವನಂತೆ ಅವನು ಊರು ದಾಟಿದ. ಹಿಂದಿನವರು ಹಾರ್ನು ಬಾರಿಸಿ ಬೈದು ಮುಂದೆ ಹೋದರು. ಮಗಳ ಕಡೆಯ ಬಾಗಿಲು ನೆಗ್ಗಿದ್ದರಿಂದ ಮಳೆಯ ನೀರು ಸಂದಿಯಲ್ಲಿ ಒಸರಿ ಅವಳ ಮೊಣಕಾಲಿನ ಮೇಲೆ ಬೀಳುತ್ತಿತ್ತು. ಅವಳು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ರನ್‌ವೇಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಿರುಕುಬಿಟ್ಟ ಕಾಂಕ್ರೀಟಿನ ಮೇಲೆ ನೀರು ತೆಳ್ಳಗೆ ಹರಡಿ ಆಕಾಶದ ಬೂದು ಬಣ್ಣವನ್ನೇ ಹೊದ್ದುಕೊಂಡಿತ್ತು. ಸುತ್ತ ಎಲ್ಲೂ ಕಂಬವಿಲ್ಲ, ಗೋಡೆಯಿಲ್ಲ. ಅವನು ನಡುವಿಗೆ ತಂದು ನಿಲ್ಲಿಸಿ, "ಮುಳ್ಳು ನೋಡ್ತಿರು," ಎಂದು ವೇಗ ತೋರಿಸುವ ಮುಳ್ಳಿನ ಕಡೆ ಬೆರಳು ಮಾಡಿದ. ಸೈಕಲ್ಲಿನವನೂ ಹಿಂದೆ ಹಾಕುವಷ್ಟು ನಿಧಾನವಾಗಿ ಹೊರಟು, ಸರ್ಕಲ್ಲಿನಲ್ಲಿ ತಿರುಗುವಂತೆ ಸ್ಟೀರಿಂಗನ್ನು ತಿರುವಿ, ಆಕ್ಸಿಲರೇಟರಿನ ಮೇಲೆ ಕಾಲ ಹೆಬ್ಬೆರಳಿನ ಭಾರವನ್ನಷ್ಟೇ ಬಿಟ್ಟ.

ಗಾಡಿಯ ಹಿಂಭಾಗ ಸದ್ದಿಲ್ಲದೆ ಪಕ್ಕಕ್ಕೆ ಹೊರಟಿತು. ಅವನು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುವಿದ. ಅಷ್ಟು ವರ್ಷದ ಕೈ, ತಪ್ಪಲಿಲ್ಲ. ಗಾಡಿಗೆ ಅದು ಕೇಳಿಸಲೇ ಇಲ್ಲ. ಮೈದಾನ, ಆಕಾಶ, ದೂರದ ಮುರುಕು ಶೆಡ್ಡು, ಮತ್ತೆ ಮೈದಾನ ಗಾಜಿನ ಮುಂದೆ ಹರಿದುಹೋದವು. ಮಗಳು ಕಿರುಚಲಿಲ್ಲ. ಗಾಡಿ ನಿಂತಾಗ ಇಬ್ಬರೂ ತಾವು ಬಂದ ದಾರಿಯನ್ನೇ ನೋಡುತ್ತ ಕೂತಿದ್ದರು.

ಅವನು ಮತ್ತೆ ಹೊರಟ. ಈ ಸಲ ಇನ್ನೂ ಹಗುರವಾಗಿ. ಮತ್ತೆ ತಿರುಗಿತು. ಮತ್ತೊಮ್ಮೆ. ತೋರಿಸಬೇಕೆಂದು ಬಂದಿದ್ದವನಿಗೆ ನಡುವೆಯೆಲ್ಲೋ ಗಾಡಿಯನ್ನು ಹಿಡಿದು ನಿಲ್ಲಿಸಲೇಬೇಕೆಂಬ ಹಟ ಹುಟ್ಟಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಮಗಳು ಕೈ ಚಾಚಿ ಕೀ ತಿರುಗಿಸಿ ಎಂಜಿನ್ನು ಆರಿಸಿದಳು.

ಮಳೆಯ ಸದ್ದೊಂದೇ ಉಳಿಯಿತು. ಅವಳು ಇಳಿದು ಹಿಂದೆ ಹೋದಳು. ಅವನೂ ಇಳಿದ. ಅವಳು ಬಗ್ಗಿ ಟೈರಿನ ಮೇಲೆ ಬೆರಳು ಎಳೆದಳು, ಆಮೇಲೆ ಮುಂದಿನ ಟೈರಿನ ಬಳಿ ಹೋಗಿ ಅದರ ಆಳವಾದ ಗೀರುಗಳಲ್ಲಿ ಉಗುರು ತೂರಿಸಿದಳು, ಮತ್ತೆ ಹಿಂದೆ ಬಂದಳು.

"ಇದು ಬೋಳಾಗಿದೆ."

"ಹೂಂ. ಇದು ರೇಸಿನ ಟೈರು. ಒಣ ರಸ್ತೆಗೆ ಮಾತ್ರ."

"ಆವತ್ತು ನಾನು ಕೇಳಿದೆ."

"ಕೇಳಿದೆ."

"ಸರಿ ಇದೆ ಅಂದೆ."

ತಿಳಿಯಲಿಲ್ಲ, ಮರೆತೆ, ವ್ಯಾನು ಕಾಯುತ್ತಿತ್ತು, ಹೇಳಬಹುದಾದದ್ದು ಬೇಕಾದಷ್ಟಿತ್ತು. ಅವನ ಕೈ ಜೇಬಿಗೆ ಹೋಗಿ, ಹೊರಗೆ ಬಂದು, ಮುಖದ ನೀರು ಒರೆಸಿ, ಮತ್ತೆ ಜೇಬಿಗೆ ಹೋಯಿತು.

"ಗೊತ್ತಿತ್ತು," ಎಂದ. "ಗೊತ್ತಿದ್ದೇ ಅಂದೆ."

"ಆಮೇಲೆ? ಆಸ್ಪತ್ರೆಯಲ್ಲಿ? ಅಮ್ಮ ದಿನಾ ನನ್ನನ್ನ ಅಂತಿದ್ದಾಗ?"

ಅವನು ಬಗ್ಗಿ ಟೈರಿಗೆ ಅಂಟಿದ್ದ ಕಲ್ಲೊಂದನ್ನು ಉಗುರಿನಿಂದ ಕಿತ್ತ.

"ನಾನು ನಿದ್ದೆ ಮಾಡಿಲ್ಲ ಅಪ್ಪ," ಎಂದಳು. ದನಿ ಏರಿರಲಿಲ್ಲ. ಅದು ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಕಣ್ಣು ಮುಚ್ಚಿದ್ರೆ ಕಾಲು ಎಷ್ಟು ಒತ್ತಿದೆ ಅಂತ ನೆನಪು ಮಾಡ್ಕೊಳ್ತಾ ಇರ್ತೀನಿ. ಕೆಲಸ ಬಿಟ್ಟೆ. ನೀನು ಬೆನ್ನು ತಟ್ಟಿದೆ. ಆಗುತ್ತೆ ಅಂದೆ."

ಅವಳು ರನ್‌ವೇಯ ಉದ್ದಕ್ಕೂ ನಡೆದು ಹೋದಳು. ಅವನು ಎರಡು ಹೆಜ್ಜೆ ಹಿಂದೆ ಹೋಗಿ ನಿಂತ. ಕರೆಯಬೇಕೋ ಬೇಡವೋ ತಿಳಿಯಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಡಿಕ್ಕಿ ತೆರೆದ, ಮುಚ್ಚಿದ. ಅವಳು ಮಳೆಯಲ್ಲಿ ಸಣ್ಣದೊಂದು ಗೆರೆಯಾಗುವವರೆಗೆ ಹೋಗಿ, ಅಲ್ಲಿ ಬಹಳ ಹೊತ್ತು ಬೆನ್ನು ಹಾಕಿ ನಿಂತಳು. ಅವನು ಬೇರೇನೂ ತೋಚದೆ ಜ್ಯಾಕು ತೆಗೆದು ಗಾಡಿಯ ಕೆಳಗೆ ಇಟ್ಟ.

ಅವಳು ವಾಪಸು ಬಂದಾಗ ಅವನು ಮೊದಲನೆಯ ನಟ್ಟಿನೊಡನೆ ಹೆಣಗುತ್ತಿದ್ದ. ಒದ್ದೆ ಕೈಯಿಂದ ಪಾನಾ ಜಾರುತ್ತಿತ್ತು. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಪಕ್ಕಕ್ಕೆ ಸರಿ," ಎಂದಳು. ಪಾನಾದ ಹಿಡಿಯ ಮೇಲೆ ಕಾಲಿಟ್ಟು ಮೈಭಾರವೆಲ್ಲ ಬಿಟ್ಟಳು. ನಟ್ಟು ಕಿರುಗುಟ್ಟಿ ಸಡಿಲವಾಯಿತು. ಎರಡೂ ಚಕ್ರ ಬದಲಾಗುವವರೆಗೆ ಅವರಿಬ್ಬರ ನಡುವೆ "ಹಿಡಿ", "ಬಿಡು", "ಇನ್ನೊಂದು" ಎಂಬುದರ ಹೊರತು ಮಾತಿರಲಿಲ್ಲ. ಕೊನೆಯ ನಟ್ಟುಗಳನ್ನು ಅವಳು ಎರಡೆರಡು ಸಲ ಬಿಗಿದು ನೋಡಿದಳು.

ಆಮೇಲೆ ಡ್ರೈವರ್ ಕಡೆಯ ಬಾಗಿಲಿಗೆ ಹೋಗಿ ನಿಂತು ಕೈ ಚಾಚಿದಳು. ಅವನು ಕೀ ಕೊಟ್ಟ.

ಅವಳು ಸೀಟನ್ನು ಮುಂದಕ್ಕೆ ಎಳೆದು ಕೂತಳು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಷ್ಟೂ ಮೊಣಕೈವರೆಗೆ ನಡುಕ ಏರುತ್ತಿತ್ತು. ರನ್‌ವೇಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಹಲವು ಸಲ ಹೋಗಿ ಬಂದಳು. ಒಂದು ಸಲ ಬೇಕೆಂದೇ ತಿರುವಿ ಒತ್ತಿದಳು. ಹಿಂಭಾಗ ಸ್ವಲ್ಪ ಅಲುಗಿ, ನೆಲ ಹಿಡಿದು, ಹೇಳಿದತ್ತ ತಿರುಗಿತು. ಅವಳ ಗಂಟಲಿನಿಂದ ಅಳುವೋ ಉಸಿರೋ ತಿಳಿಯದ ಒಂದು ಸದ್ದು ಬಂತು. ಅವನು ಕಿಟಕಿಯಾಚೆ ನೋಡಿದ.

ಊರೊಳಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವಳು ಮನೆಯ ದಾರಿ ಹಿಡಿಯದೆ ಅಂಗಡಿ ಬೀದಿಗೆ ತಿರುಗಿಸಿದಾಗ ಅವನು, "ಇಲ್ಲಿಗ್ಯಾಕೆ?" ಎಂದ. ಅವಳು ಔಷಧಿ ಅಂಗಡಿಯ ಎದುರಿಗೆ ಸಾಲಾಗಿ ನಿಂತ ಗಾಡಿಗಳ ನಡುವೆ ಒಂದು ಇಕ್ಕಟ್ಟಿನ ಜಾಗ ಹುಡುಕಿ, ಮುಂದೆ ಹಿಂದೆ ಮಾಡಿ, ಅಂಚಿಗೆ ತಾಗದಂತೆ ನಿಲ್ಲಿಸಿದಳು.

"ಅಮ್ಮನಿಗೆ ಹೇಳು," ಎಂದಳು. "ಈಗಲೇ. ನಾನು ಇಲ್ಲೇ ಇರ್ತೀನಿ."

"ಮನೆಗೆ ಬಂದ ಮೇಲೆ ಹೇಳಿದ್ರೆ..."

ಅವಳು ಅವನ ಕಡೆ ತಿರುಗಿದಳು. ಅವನು ಇಳಿದ.

ಅಂಗಡಿಯೊಳಗೆ ಕೆಲಸ ಬಿಟ್ಟು ಮನೆಗೆ ಹೋಗುವವರ ಸಾಲಿತ್ತು. ಗಾಜಿನ ಕೌಂಟರಿನಾಚೆ ಅವನ ಹೆಂಡತಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಬ್ಬ ಮುದುಕನಿಗೆ ಮಾತ್ರೆಯ ಪಟ್ಟಿ ತೋರಿಸುತ್ತಿದ್ದಳು. "ಬೆಳಿಗ್ಗೆ ಊಟಕ್ಕೆ ಮುಂಚೆ ಇದು. ಊಟ ಆದ್ಮೇಲೆ ಅಲ್ಲ, ಮುಂಚೆ. ಎಲ್ಲಿ, ಒಂದ್ಸಲ ಹೇಳಿ ನೋಡೋಣ," ಎನ್ನುತ್ತಿದ್ದಳು. ಮುದುಕ ಒಪ್ಪಿಸಿದ. ಅವಳು ತಲೆಯೆತ್ತಿ ಸಾಲಿನ ಕೊನೆಯಲ್ಲಿ ನಿಂತ ಗಂಡನನ್ನು ಕಂಡಳು. ತಲೆಗೂದಲಿನಿಂದ ನೀರಿಳಿಯುತ್ತಿದೆ, ಕೈಗಳು ಮೊಣಕೈತನಕ ಕಪ್ಪು. ಅವಳ ಹುಬ್ಬು ಗಂಟಾಯಿತು. ಕಣ್ಣಿನಲ್ಲೇ ಏನೆಂದು ಕೇಳಿದಳು. ಅವನು ಸಾಲಿನಲ್ಲೇ ನಿಂತ.

ಅವನ ಮುಂದಿದ್ದ ಹೆಂಗಸು ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಾಪ ಅನಿಸಿತೇನೋ, "ಅರ್ಜೆಂಟಾಗಿದ್ರೆ ನೀವು ಮುಂದೆ ಹೋಗಿ," ಎಂದು ಪಕ್ಕಕ್ಕೆ ಸರಿದಳು.

"ಬೇಡ," ಎಂದ ಅವನು. "ನೀವು ಮುಗಿಸಿಕೊಳ್ಳಿ."

ಅವನ ಪ್ಯಾಂಟಿನ ಅಂಚಿನಿಂದ ತೊಟ್ಟಿಕ್ಕಿದ ನೀರು ಒರೆಸಿ ಮಿನುಗುತ್ತಿದ್ದ ನೆಲದ ಮೇಲೆ ಒಂದು ಸಣ್ಣ ಮಡುವಾಗಿ, ನಿಧಾನಕ್ಕೆ ಹೆಂಗಸಿನ ಚಪ್ಪಲಿಯ ಕಡೆ ಹರಿಯತೊಡಗಿತ್ತು. ಅವನು ತನ್ನ ಕಾಲನ್ನು ಅಡ್ಡ ಇಟ್ಟು ಅದನ್ನು ತಡೆದು ನಿಂತ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.